ಸ್ಟ್ರಿಂಗ್ ಬದಲಾಗಲ್ಲ, ಸರಿ. ಆದ್ರೆ ಯಾಕೆ?

ಹೋದ ಸೆಮ್ ಜಾವಾ ಲ್ಯಾಬ್ ಇಂಟರ್ನಲ್ಸ್‌ನಲ್ಲಿ ನನಗೆ ಬಂದಿದ್ದು ಸುಲಭದ ಪ್ರೋಗ್ರಾಂ: ಒಂದು ಪದದಲ್ಲಿ ಒಂದು ಅಕ್ಷರ ಬದಲಿಸಬೇಕು. ರೀಪ್ಲೇಸ್ ಮೆಥಡ್ ಬರೆದೆ, ಮುಂದಿನ ಸಾಲಲ್ಲಿ ಪ್ರಿಂಟ್ ಮಾಡಿದೆ. ಎರರ್ ಏನೂ ಬರಲಿಲ್ಲ, ಆದ್ರೆ ಔಟ್‌ಪುಟ್‌ನಲ್ಲಿ ಹಳೇ ಪದಾನೇ ಇತ್ತು! ರೀಪ್ಲೇಸ್ ಹೊಸ ಸ್ಟ್ರಿಂಗ್ ಮಾಡಿ ಕೊಟ್ಟಿತ್ತು, ಅದನ್ನ ಯಾವ ವೇರಿಯಬಲ್‌ಗೂ ಹಾಕದೆ ಕಳ್ಕೊಂಡಿದ್ದು ನಾನು.

ವೈವಾದಲ್ಲಿ "ಸ್ಟ್ರಿಂಗ್ ಇಮ್ಯೂಟಬಲ್ ಸರ್" ಅಂದೆ. "ಯಾಕೆ ಇಮ್ಯೂಟಬಲ್?" ಅಂದ್ರು. ಸುಮ್ಮನೆ ನಿಂತೆ. ಕ್ಲಾಸಲ್ಲಿ ಮುಕ್ಕಾಲು ಜನರದ್ದೂ ಇದೇ ಕಥೆ.

ಉತ್ತರ ಆಮೇಲೆ ಓದಿ ತಿಳ್ಕೊಂಡೆ. ಪ್ರೋಗ್ರಾಂನಲ್ಲಿ ಎರಡು ಕಡೆ "ಮನೆ" ಅಂತ ಬರೆದರೆ ಜಾವಾ ಎರಡು ಆಬ್ಜೆಕ್ಟ್ ಮಾಡಲ್ಲ, ಸ್ಟ್ರಿಂಗ್ ಪೂಲ್‌ನಲ್ಲಿರೋ ಒಂದನ್ನೇ ಇಬ್ಬರಿಗೂ ಕೊಡುತ್ತೆ. ಹಾಸ್ಟೆಲ್ ರೂಮಲ್ಲಿ ನಾಲ್ಕು ಜನಕ್ಕೆ ಒಂದೇ ನೋಟ್ಸ್ ಇದ್ದ ಹಾಗೆ. ಒಬ್ಬ ಅದರಲ್ಲಿ ತಿದ್ದಿದರೆ ಉಳಿದ ಮೂವರೂ ತಪ್ಪು ಓದ್ತಾರೆ. ಹ್ಯಾಶ್‌ಮ್ಯಾಪ್‌ಗೂ ಇದು ಬೇಕು: ಕೀ ಆಗಿ ಇಟ್ಟ ಪದ ಆಮೇಲೆ ಬದಲಾದರೆ ಅದರ ಹ್ಯಾಶ್ ಕೂಡ ಬದಲಾಗಿ, ಇಟ್ಟ ವಸ್ತು ಹುಡುಕಿದ ಜಾಗದಲ್ಲಿ ಸಿಗಲ್ಲ. ಹಾಗಾಗಿ ಜಾವಾ ಹೇಳೋದು ಇಷ್ಟೇ: ಒರಿಜಿನಲ್ ಮುಟ್ಟಬೇಡ, ಜೆರಾಕ್ಸ್ ಮಾಡ್ಕೊಂಡು ಅದರಲ್ಲಿ ಗೀಚು. ಪದೇ ಪದೇ ಗೀಚೋದಿದ್ರೆ ಸ್ಟ್ರಿಂಗ್‌ಬಿಲ್ಡರ್ ಇದೆ, ಅದು ನಮ್ಮ ರಫ್ ಬುಕ್. ಅದರಲ್ಲಿ ಸೆಟ್‌ಚಾರ್‌ಆಟ್ ಅಂತ ಬರೆದು ನೇರವಾಗಿ ಅಕ್ಷರ ಬದಲಿಸಬಹುದು.

ಸಿಲಬಸ್ ಮುಗಿಸೋಕೇ ಟೈಮ್ ಸಾಲಲ್ಲ ಅಂತ ಮೇಷ್ಟ್ರುಗಳು ಹೇಳೋದು ಸುಳ್ಳಲ್ಲ. ಆದ್ರೆ ಮೇಲಿನ ಪ್ಯಾರಾ ಹೇಳೋಕೆ ಹತ್ತು ನಿಮಿಷ ಸಾಕು. ಲ್ಯಾಬ್ ರೆಕಾರ್ಡ್‌ನಲ್ಲಿ ನಾವು ಔಟ್‌ಪುಟ್ ಅಂಟಿಸಿ ಸಹಿ ಹಾಕಿಸ್ಕೊಳ್ತೀವಿ. ಅದರ ಕೆಳಗೆ "ಯಾಕೆ ಹೀಗಾಯ್ತು" ಅಂತ ಎರಡು ಸಾಲು ಬರೆಯೋದು ಕಡ್ಡಾಯ ಆಗಬೇಕು, ಅದಕ್ಕೂ ಮಾರ್ಕ್ಸ್ ಇರಬೇಕು ಅನ್ನೋದು ನನ್ನ ಅಭಿಪ್ರಾಯ.

ಬಾಯಿಪಾಠ ಎಲ್ಲಿ ಕೈಕೊಡುತ್ತೆ ಅಂತ ನೋಡಬೇಕಾ? ಸ್ಟ್ರಿಂಗ್‌ಬಿಲ್ಡರ್‌ಗೆ "ಮನೆ" ಕೊಡಿ, ಅದನ್ನ "ಮರ" ಮಾಡೋಕೆ ಇಂಡೆಕ್ಸ್ 1ರಲ್ಲಿ 'ರ' ಹಾಕಿ. ಬರೋದು "ಮರೆ"! ನಮ್ಮ ಕಣ್ಣಿಗೆ ಎರಡೇ ಅಕ್ಷರ, ಜಾವಾಗೆ ಮೂರು: ಮ, ನ, ಆಮೇಲೆ ಎತ್ವ. ನ ಹೋಯ್ತು, ಎತ್ವ ಅಲ್ಲೇ ಉಳೀತು. ಕೋಡ್ ಅಷ್ಟೇ ಗೊತ್ತಿದ್ದವರು ಜಾವಾಗೆ ಕನ್ನಡ ಬರಲ್ಲ ಅಂತ ಬೈದು ಸುಮ್ಮನಾಗ್ತಾರೆ. ಯಾಕೆ ಅಂತ ಕೇಳಿದವರು ಇಂಡೆಕ್ಸ್ 2ರಲ್ಲಿರೋ ಎತ್ವಾನೂ ತೆಗೀತಾರೆ.

ಇಷ್ಟು ದಿನ ಇಂಗ್ಲಿಷ್ ಹೆಸರಲ್ಲೇ ಪ್ರೋಗ್ರಾಂ ಟೆಸ್ಟ್ ಮಾಡಿದ್ದು ಸಾಕು ಅಂತ ನಾನು ಈಗ ನನ್ನ ಹೆಸರನ್ನ ಕನ್ನಡದಲ್ಲೇ ಕೊಡ್ತೀನಿ. ನೀವೂ ಮುಂದಿನ ಲ್ಯಾಬಲ್ಲಿ ಒಮ್ಮೆ ಕೊಟ್ಟು ನೋಡಿ. ಔಟ್‌ಪುಟ್ ತಪ್ಪಾಗಿ ಬಂದ್ರೆ ಅಳಿಸಬೇಡಿ. ಯಾಕೆ ಅಂತ ಕೇಳಿ.