ಮಗುಚಿಟ್ಟ ಲೋಟ

ಜಯಲಕ್ಷ್ಮಿಪುರಂನ ಒಂದು ಮನೆಯ ಹಿತ್ತಿಲ ಕಟ್ಟೆಯ ಮೇಲೆ, ಮಿಕ್ಕ ಪಾತ್ರೆಗಳಿಂದ ದೂರವಾಗಿ ಮಗುಚಿಟ್ಟಿದ್ದ ಸ್ಟೀಲ್ ಲೋಟವೊಂದನ್ನು ಕಂಡು ವಿಚಾರಿಸಲಾಗಿ, ಅದು ಕ್ಷಯಕ್ಕೆ ಔಷಧ ಸೇವಿಸುತ್ತಿರುವ ಆ ಮನೆಯ ಸೊಸೆಯದೆಂದು ತಿಳಿದು ನನ್ನ ಮನಸ್ಸು ಕುಗ್ಗಿತು. ಅಲ್ಲಿಂದ ಅನತಿದೂರದಲ್ಲಿ, ಕೆ.ಆರ್.ಎಸ್. ರಸ್ತೆಯ ಕ್ಷಯರೋಗ ಆಸ್ಪತ್ರೆಯು ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ, ಇದೇ ವ್ಯಾಧಿಗೆ ತುತ್ತಾದ ಕೃಷ್ಣಾಜಮ್ಮಣ್ಣಿಯವರ ಹೆಸರನ್ನು ಹೊತ್ತು ನಿಂತಿದೆ. ಅರಮನೆಯೇ ಮುಚ್ಚಿಡದೆ ಲೋಕದ ಮುಂದಿಟ್ಟ ದುಃಖವನ್ನು ನಾವು ಹಿತ್ತಿಲಲ್ಲಿ ಅವಿತಿಡುತ್ತಿದ್ದೇವೆ. ರಾಬರ್ಟ್ ಕಾಕ್ 1882ರಲ್ಲೇ ಗುರುತಿಸಿದ ಆ ರೋಗಾಣು ಗಾಳಿಯ ಮೂಲಕ ಹರಡತಕ್ಕದ್ದೇ ಹೊರತು ತಟ್ಟೆ ಲೋಟಗಳಿಂದಲ್ಲ. ಸಾಮಾನ್ಯ ಕ್ಷಯಕ್ಕೆ 6 ತಿಂಗಳ ಔಷಧವುಂಟು; ಚಿಕಿತ್ಸೆ ಫಲಿಸತೊಡಗಿದ ಕೆಲವೇ ವಾರಗಳಲ್ಲಿ ಸೋಂಕಿನ ಭೀತಿ ಬಹುಪಾಲು ತಗ್ಗುತ್ತದೆ. ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ತಿಂಗಳಿಗೆ 1000 ರೂಪಾಯಿ ಕೊಡುತ್ತದೆ. ಒಡನೆ ಕುಳಿತು ಉಣ್ಣುವ ಪಂಕ್ತಿಯನ್ನು ಯಾವ ಸರ್ಕಾರ ತಾನೇ ಕೊಟ್ಟೀತು? ವಿಷಯ ಬಯಲಾದರೆ ಬಾಡಿಗೆಮನೆ ಬಿಡಿಸುವರೋ, ತಂಗಿಯ ಮದುವೆ ಮುರಿಯುವುದೋ ಎಂಬ ಅಂಜಿಕೆಯಿಂದ ಮಾತ್ರೆಯನ್ನು ನಡುವೆಯೇ ನಿಲ್ಲಿಸಿದವರಲ್ಲಿ ರೋಗವು ಔಷಧಕ್ಕೂ ಬಗ್ಗದಂತೆ ಮರುಕಳಿಸಬಹುದು. ಹೀಗೆ ಬೀದಿಗೆ ಅಪಾಯವನ್ನು ತರುವುದು ರೋಗಿಯಲ್ಲ, ನಮ್ಮ ತಿರಸ್ಕಾರ. ನೆರೆಹೊರೆಯ ಬಂಧುಗಳೇ, ಆ ಲೋಟವನ್ನು ಇಂದೇ ಒಳಗೆ ತಂದು, ಉಳಿದವುಗಳ ಸಾಲಿನಲ್ಲಿ ಜೋಡಿಸಿರಿ.