ಲಕ್ಕವಳ್ಳಿಯ ನಡುಗಡ್ಡೆಗಳು

ಇಂಗ್ಲೆಂಡಿನಲ್ಲಿರುವ ನನ್ನ ಸೋದರಳಿಯ ಕಳೆದ ಬೇಸಿಗೆಯಲ್ಲಿ ಸಂಸಾರಸಮೇತನಾಗಿ ಫಾರ್ನ್ ದ್ವೀಪಗಳಿಗೆ ಹೋಗಿದ್ದನಂತೆ. ಅವು ಆ ದೇಶದ ಈಶಾನ್ಯ ಕರಾವಳಿಯಾಚೆಯ ಬಂಡೆಗಲ್ಲಿನ ದ್ವೀಪಗಳು. ಬಣ್ಣದ ಕೊಕ್ಕಿನ ಪಫಿನ್ ಹಕ್ಕಿಗಳ ಚಿತ್ರಗಳನ್ನೂ, ಆರ್ಕ್ಟಿಕ್ ಟರ್ನ್ ಎಂಬ ಬಿಳಿಯ ಹಕ್ಕಿಯೊಂದು ಅವನ ಟೋಪಿಯನ್ನು ಕುಕ್ಕುತ್ತಿರುವ ಚಿತ್ರವನ್ನೂ ಕಳುಹಿಸಿ, "ಮಾವ, ನೀವು ಒಮ್ಮೆ ಬಂದು ನೋಡಲೇಬೇಕು" ಎಂದು ಬರೆದಿದ್ದ. "ನೀನು ಲಕ್ಕವಳ್ಳಿಯ ಟರ್ನ್‌ಗಳನ್ನು ನೋಡಿದ್ದೀಯಾ?" ಎಂದು ಮರಳಿ ಕೇಳಿದೆ. ಉತ್ತರ ಬಂದಿಲ್ಲ. ಭದ್ರಾವತಿಯಲ್ಲಿ ಹುಟ್ಟಿ ಬೆಳೆದವನು ಅವನು, ಬಿ.ಆರ್. ಪ್ರಾಜೆಕ್ಟಿನ ಬಸ್ಸು ಹತ್ತಿದ್ದರೆ ಒಂದು ಗಂಟೆಯೊಳಗಿನ ದಾರಿ.

ಭದ್ರಾ ಜಲಾಶಯದಲ್ಲಿ ನೀರು 186 ಅಡಿಗೆ ತುಂಬಿ ನಿಂತಾಗ ಮುಳುಗಿರುವ ಗುಡ್ಡದ ನೆತ್ತಿಗಳು, ನಾಲೆಗಳಿಗೆ ನೀರು ಹರಿದು ಮಟ್ಟ ಇಳಿದಂತೆಲ್ಲ ಒಂದೊಂದಾಗಿ ತಲೆಯೆತ್ತುತ್ತವೆ. ಗಿಡಮರಗಳಿಲ್ಲದ ಆ ಬೋಳು ನಡುಗಡ್ಡೆಗಳ ಮೇಲೆ ಬೇಸಿಗೆಯಲ್ಲಿ ರಿವರ್ ಟರ್ನ್‌ಗಳು ಸಂಸಾರ ಹೂಡುತ್ತವೆ. ಕನ್ನಡದ ಪಕ್ಷಿಪುಸ್ತಕಗಳು ಇದನ್ನು ರೀವ ಎನ್ನುತ್ತವೆ. ಹಳದಿ ಕೊಕ್ಕು, ಕಪ್ಪು ನೆತ್ತಿ, ಕವಲೊಡೆದ ಬಾಲ. ಕಡಲಹಕ್ಕಿಗಳ ಬಳಗಕ್ಕೇ ಸೇರಿದ್ದರೂ ಸಿಹಿನೀರನ್ನು ನೆಚ್ಚಿ ಬದುಕುವ ಜೀವಿಯಿದು. ಗೂಡೆಂಬುದು ಹೆಸರಿಗೆ ಮಾತ್ರ; ನೆಲದಲ್ಲಿ ಕೆರೆದ ಒಂದು ಸಣ್ಣ ತಗ್ಗು, ಅದರೊಳಗೆ ಎರಡೋ ಮೂರೋ ಚುಕ್ಕೆಯ ಮೊಟ್ಟೆ. ನೆಲ ಕಾದ ಹೆಂಚಿನಂತಾದಾಗ ತಾಯಿ ತಂದೆಗಳು ನೀರಿಗೆ ಹೋಗಿ ಹೊಟ್ಟೆಯ ಗರಿ ತೋಯಿಸಿಕೊಂಡು ಬಂದು ಮೊಟ್ಟೆಯನ್ನು ತಂಪುಮಾಡುತ್ತವೆ.

ಇದೆಲ್ಲವನ್ನೂ ನಾನು ತಡವಾಗಿ ಕಲಿತೆ. 1989ರ ಏಪ್ರಿಲ್‌ನಲ್ಲಿ ಒಂಬತ್ತನೆಯ ತರಗತಿಯವರನ್ನು ಪ್ರವಾಸಕ್ಕೆ ಕರೆದೊಯ್ದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಮೀನುಗಾರರ ತೆಪ್ಪದಲ್ಲಿ ಸರದಿಯಂತೆ ಒಂದು ನಡುಗಡ್ಡೆಗೆ ದಾಟಿ, ಅಲ್ಲಿಯೇ ಚಿತ್ರಾನ್ನದ ಪೊಟ್ಟಣ ಬಿಚ್ಚಿದೆವು. ನಮ್ಮ ತಲೆಯ ಮೇಲೆ ಹಕ್ಕಿಗಳು ಸುತ್ತಿ ಸುತ್ತಿ ಕಿರುಚುತ್ತಿದ್ದವು. "ಇವು ಯಾಕೆ ಸಾರ್ ಹೀಗೆ ಕೂಗ್ತಿವೆ?" ಎಂದು ಒಬ್ಬ ಹುಡುಗಿ ಕೇಳಿದಳು. "ನಮ್ಮನ್ನು ಸ್ವಾಗತಿಸುತ್ತಿವೆಯಮ್ಮ" ಎಂದೆ. ಎಲ್ಲರೂ ನಕ್ಕರು. ಹೊರಡುವಾಗ ನನ್ನ ಚಪ್ಪಲಿಯಡಿ ಏನೋ ಅಂಟಿದಂತಾಗಿ ನೋಡಿದರೆ ಒಡೆದ ಮೊಟ್ಟೆ. ನಿಮಗೆ ತೋರಿಸಲಿಲ್ಲ, ನೀರಿಗಿಳಿದು ಚಪ್ಪಲಿ ತೊಳೆದುಕೊಂಡೆ. ಒಡೆಯದೆ ಉಳಿದ ಮೊಟ್ಟೆಗಳು ಆ ಒಂದು ಗಂಟೆಯ ಬಿಸಿಲಿನಲ್ಲಿ ಏನಾದವೋ! ಮೂವತ್ತೊಂದು ವರ್ಷಗಳ ಅಧ್ಯಾಪನದಲ್ಲಿ ಅಷ್ಟು ತಪ್ಪಾದ ಉತ್ತರವನ್ನು ನಾನು ಮತ್ತೆಂದೂ ಕೊಟ್ಟಿಲ್ಲವೆಂದು ಭಾವಿಸಿದ್ದೇನೆ.

ಆದ್ದರಿಂದಲೇ, ಮರಿಗಳು ಹಾರುವವರೆಗೆ ಯಾವ ದೋಣಿಯೂ ಆ ನಡುಗಡ್ಡೆಗಳಿಗೆ ತಾಗಬಾರದೆಂದು ನಾನು ಹಟ ಹಿಡಿದು ವಾದಿಸುತ್ತೇನೆ. ಒಳ್ಳೆಯ ಚಿತ್ರಕ್ಕಾಗಿ "ಇನ್ನೂ ಸ್ವಲ್ಪ ಹತ್ತಿರ" ಎಂದು ದೋಣಿಯವನನ್ನು ಒತ್ತಾಯಿಸುವವರು ನಾವೇ. ಹಕ್ಕಿ ಮೇಲೆದ್ದ ಕ್ಷಣದಿಂದ ಮೊಟ್ಟೆ ಬಿಸಿಲಿನ ಪಾಲು, ಇಲ್ಲವೇ ಕಾಗೆ ಹದ್ದುಗಳ ಪಾಲು. "ಜನ ನೋಡದಿದ್ದರೆ ಪ್ರೀತಿ ಹುಟ್ಟುವುದಾದರೂ ಹೇಗೆ?" ಎಂದು ಮಿತ್ರರು ಕೇಳುತ್ತಾರೆ. ಮಾತು ಸುಳ್ಳಲ್ಲ. ಆದರೆ ನೋಡುವುದಕ್ಕೆ ದುರ್ಬೀನು ಸಾಕು. ಫಾರ್ನ್ ದ್ವೀಪಗಳಲ್ಲಿ ಹಾಸಿದ ಹಲಗೆಯ ಹಾದಿಯಲ್ಲೇ ನಡೆಯಬೇಕು. 2022ರಲ್ಲಿ ಹಕ್ಕಿಜ್ವರ ಬಂದಾಗ ಅಲ್ಲಿ ಇಳಿಯುವುದನ್ನೇ ನಿಲ್ಲಿಸಿ, 2024ರ ಮಾರ್ಚ್‌ನಲ್ಲಷ್ಟೇ ಮತ್ತೆ ತೆರೆದರು. ಅದಕ್ಕಾಗಿ ಪ್ರವಾಸಿಗಳೇನೂ ಆ ಹಕ್ಕಿಗಳನ್ನು ಮರೆತುಬಿಡಲಿಲ್ಲ. ನಮ್ಮ ರೀವವಂತೂ ಜಾಗತಿಕ ಕೆಂಪುಪಟ್ಟಿಯಲ್ಲಿ ಅಪಾಯಕ್ಕೀಡಾದ ಜೀವಿಗಳ ಸಾಲಿಗೆ ಸೇರಿದೆ. ಹೊಳೆಗಳಲ್ಲಿ ಅದು ಮೊಟ್ಟೆಯಿಡುತ್ತಿದ್ದ ಮರಳದಿಣ್ಣೆಗಳನ್ನು ನಾವು ಲಾರಿಗಳಲ್ಲಿ ತುಂಬಿ ಮನೆ ಕಟ್ಟಿಕೊಂಡಿದ್ದೇವೆ. (ನನ್ನ ಮನೆಯೂ ಹೊಳೆಮರಳಿನದೇ.)

ಈಗ ತಾನೂ ಶಿಕ್ಷಕನಾಗಿರುವ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಶಿವಮೊಗ್ಗದ ಮನೆಗೆ ಬಂದಿದ್ದ. ಮಾರ್ಚ್‌ನಲ್ಲಿ ಮಕ್ಕಳನ್ನು ಲಕ್ಕವಳ್ಳಿಗೆ ಕರೆದೊಯ್ಯಬೇಕೆಂದಿದ್ದೇನೆ, ನೀವೂ ಬರಬೇಕು ಎಂದ. ಬರುತ್ತೇನೆ ಎಂದೆ. ಬಿಸಿಲೇರುವ ಮೊದಲೇ ಹೊರಡಬೇಕು, ಬುತ್ತಿಯನ್ನು ದಂಡೆಯಲ್ಲೇ ಉಣ್ಣಬೇಕು, ಹಕ್ಕಿಗಳು ಕೂಗತೊಡಗಿದರೆ ದೋಣಿ ತಿರುಗಿಸಬೇಕು ಎಂದು ಷರತ್ತು ಹಾಕಿದೆ. ಅವನು 1989ರ ಆ ತಂಡದಲ್ಲಿದ್ದವನೇ. "ನೀವು ಚಪ್ಪಲಿ ತೊಳೆದದ್ದನ್ನು ನಾನು ನೋಡಿದ್ದೆ ಸಾರ್" ಎಂದ.