ಹೆಣ್ಣಾಳಿನ ಕೂಲಿ: ನಾವು ಏನಂತೀವಿ?



ಗಂಡಿಗೂ ಹೆಣ್ಣಿಗೂ ಸಮ ಕೂಲಿ ಸಿಗಬೇಕು ಅಂತ ಯಾವ ಸಭೆಯಲ್ಲಿ ಹೇಳಿದರೂ ಚಪ್ಪಾಳೆ ಬೀಳುತ್ತದೆ. ಬೇಡ ಅನ್ನುವವನು ಒಬ್ಬನೂ ಸಿಗುವುದಿಲ್ಲ. ಅದೇ ಜನ ಸಭೆ ಮುಗಿಸಿ ಟೀ ಅಂಗಡಿ ಮುಂದೆ ಕೂತಾಗ ಬರುವ ಮಾತೇ ಬೇರೆ: 'ಹೆಣ್ಣಾಳು ಗಂಡಾಳಿನಷ್ಟು ಗೇಯ್ತಾಳಾ?' ಜಮೀನ್ದಾರ ಹೀಗಂದರೆ ನಮಗೆ ಸಿಟ್ಟು ಬರುತ್ತದೆ. ನಮ್ಮ ಕೇರಿಯ ಅಣ್ಣತಮ್ಮಂದಿರೇ ಅಂತಿದ್ದಾರಲ್ಲ, ಇದಕ್ಕೇನು ಹೇಳೋಣ?

ನನ್ನವ್ವ ನಾಟಿ ಹಾಕುವವಳು. ಕೆಸರಿಗಿಳಿದು ನಡು ಬಗ್ಗಿಸಿದರೆ ಮತ್ತೆ ನೆಟ್ಟಗೆ ಮಾಡುವುದು ಬುತ್ತಿ ಬಿಚ್ಚುವ ಹೊತ್ತಿಗೇ. ಅದೇ ಗದ್ದೆಯ ಬದುವಿನ ಮೇಲೆ ನಿಂತು ಪೈರಿನ ಕಟ್ಟು ಎಸೆಯುವ ಗಂಡಾಳಿಗೆ ಅವ್ವನಿಗಿಂತ ಹೆಚ್ಚು ಕೂಲಿ. ನಾನು ಬಿ.ಎ. ಓದಿದ್ದು ಆ ಕಮ್ಮಿ ಕೂಲಿಯಲ್ಲಿ. 'ಯಾಕವ್ವ ಸುಮ್ಕಿದ್ದೀಯೆ?' ಅಂತ ಒಂದು ಸಲ ಕೇಳಿದೆ. 'ನಾ ಕೇಳುದ್ರೆ ನಾಳೀಕೆ ಬ್ಯಾರೆಯೋಳ್ನ ಕರ್ಕತಾರೆ ಕನ್ ಮಗ' ಅಂದಳು. (ಸಂಜೆ ಹಟ್ಟಿಗೆ ಬಂದು ನೀರು ತಂದು ಒಲೆ ಹಚ್ಚುವುದಕ್ಕಂತೂ ಯಾರ ಲೆಕ್ಕದಲ್ಲೂ ಕೂಲಿಯಿಲ್ಲ.)

ಕಾನೂನು ಇಲ್ಲದೆ ಅಲ್ಲ. ಸಂವಿಧಾನದ 39ನೇ ವಿಧಿಯಲ್ಲೇ ಸಮ ಕೆಲಸಕ್ಕೆ ಸಮ ವೇತನದ ಮಾತಿದೆ. 1976ರಲ್ಲಿ ಸಮಾನ ವೇತನ ಕಾಯಿದೆ ಬಂತು, 2019ರ ವೇತನ ಸಂಹಿತೆಯೂ ಅದನ್ನೇ ಹೇಳಿತು. ಅವೆಲ್ಲಕ್ಕೂ ಮುಂಚೆ, 1944ರಲ್ಲಿ, ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆ ನೋಡುತ್ತಿದ್ದ ಬಾಬಾಸಾಹೇಬರು ಕಲ್ಲಿದ್ದಲ ಗಣಿಗೆ ಇಳಿಯುವ ಹೆಂಗಸರಿಗೆ ಗಂಡಸರಷ್ಟೇ ಕೂಲಿ ಅನ್ನುವ ತತ್ವವನ್ನು ಕೇಂದ್ರ ಶಾಸನಸಭೆಯಲ್ಲೇ ಎತ್ತಿ ಹಿಡಿದಿದ್ದರು. ಅವರ ಫೋಟೋಕ್ಕೆ ಹಾರ ಹಾಕುವ ನಾವು ಇದನ್ನು ಎಷ್ಟು ಸಲ ನೆನೆದಿದ್ದೇವೆ?

ಕಾಯಿದೆಯಲ್ಲಿ ಒಂದು ಕಳ್ಳಗಂಡಿಯೂ ಇದೆ. ಅದು ನೋಡುವುದು 'ಒಂದೇ ಬಗೆಯ ಕೆಲಸ'ವನ್ನು. ಉಳುವುದು ಗಂಡಿನದು, ನಾಟಿ, ಕಳೆ ಹೆಣ್ಣಿನದು ಅಂತ ಮೊದಲೇ ಹಂಚಿಟ್ಟ ಮೇಲೆ ಯಾವುದನ್ನು ಯಾವುದಕ್ಕೆ ಹೋಲಿಸುವುದು? ನೇಗಿಲು ಭಾರ, ಬಗ್ಗಿದ ನಡು ಹಗುರ ಅಂತ ತೂಗಿದವರಾರು? ಕೆಲಸ ಹಂಚಿ, ಆಮೇಲೆ ಆ ಕೆಲಸಕ್ಕೆ ಕೀಳು ಬೆಲೆ ಕಟ್ಟುವ ಚಾಳಿ ನಮಗೆ ಗೊತ್ತಿಲ್ಲದ್ದಲ್ಲ. ಜಾತಿ ನಮಗೆ ಮಾಡಿದ್ದೂ ಅದನ್ನೇ.

2005ರ ಉದ್ಯೋಗ ಖಾತರಿ ಕಾಯಿದೆ ಹೆಣ್ಣು ಗಂಡು ಅನ್ನದೆ ಒಂದೇ ಕೂಲಿ ಇಟ್ಟಿತು. ಹೆಂಗಸರು ಸಾಲುಗಟ್ಟಿ ಬಂದರು. ದೇಶದಲ್ಲಿ ಹಲವು ವರ್ಷ ಆ ಕೆಲಸದ ದಿನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವರದೇ. ಆಕಾಶವೇನೂ ಕಳಚಿ ಬೀಳಲಿಲ್ಲ. ಆದರೆ ಕೆರೆ ಹೂಳೆತ್ತಿ ಸಮ ಕೂಲಿ ಪಡೆದವಳೇ ಮಾರನೇ ದಿನ ಗದ್ದೆಗಿಳಿದರೆ ಮತ್ತೆ ಹೆಣ್ಣಾಳು.

ಇನ್ನೊಂದು ಮಾತು ಒಪ್ಪಿಕೊಳ್ಳಬೇಕು. ಹೋದ ಸಲ ನಮ್ಮೂರಲ್ಲಿ ಕೂಲಿ ಏರಿಸಿ ಅಂತ ಬೇಡಿಕೆ ಪಟ್ಟಿ ಬರೆದವನು ನಾನೇ. ಗಂಡಾಳಿಗೆ ಇಷ್ಟು, ಹೆಣ್ಣಾಳಿಗೆ ಇಷ್ಟು ಅಂತ ಎರಡು ಸಾಲು. ಕೈ ನಡುಗಲಿಲ್ಲ. ಕೇಳುವವರೂ ಇರಲಿಲ್ಲ, ಯಾಕೆಂದರೆ ಆ ರಾತ್ರಿ ಕೂತಿದ್ದ ನಾವೆಲ್ಲ ಗಂಡಸರೇ.

ಈ ಸಲದ ಪಟ್ಟಿಯಲ್ಲಿ ಒಂದೇ ಸಾಲಿರಲಿ. ಬರೆಯುವಾಗ ಅವ್ವಂದಿರನ್ನು ಕರೆದು ಕೂರಿಸಿಕೊಳ್ಳಿ.